ಬೇಡವಾದವರ ಆತ್ಮಕಥೆ

ಬೆಳಗಿನ ನಡಿಗೆ ಮುಗಿಸಿ ಕೋಲಾರದ ನಮ್ಮ ಬಡಾವಣೆಯ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿಯುವ ನಾಲ್ಕೈದು ಮಂದಿ ನಿವೃತ್ತರಲ್ಲಿ ಒಬ್ಬರು ಇತಿಹಾಸದ ಮೇಷ್ಟ್ರು. ಕಳೆದ ಬೇಸಿಗೆಯ ಒಂದು ದಿನ ನನ್ನ ಕೈಯಲ್ಲಿದ್ದ ದಪ್ಪ ಪುಸ್ತಕದ ರಕ್ಷಾಪುಟದಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರ ಮುಖ ಕಂಡ ಕೂಡಲೇ ಅವರು ಲೋಟವನ್ನು ಕೆಳಗಿಟ್ಟು, "ಏನ್ ಸಾರ್, ಓದೋಕೆ ನಿಮಗೆ ಬೇರೆ ಯಾರೂ ಸಿಗಲಿಲ್ವಾ?" ಎಂದರು. ಕೇಳಿದ ಧಾಟಿಯಲ್ಲಿ ತಮಾಷೆಗಿಂತ ಬೇಸರವೇ ಹೆಚ್ಚಾಗಿತ್ತು. ಇರಾಕ್ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಭೂಪಟದ ಮೇಲೆ ಬಾಗ್ದಾದನ್ನು ತೋರಿಸಿದವರು ಅವರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆದುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪುಸ್ತಕ ನಾನಾಗಿ ಹುಡುಕಿಕೊಂಡು ಹೋಗಿ ತಂದದ್ದಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದಿದ್ದ. ಸುಮಾರು 700 ಪುಟ. ಬ್ಲೇರ್ ಅವರ ಆತ್ಮಕಥೆ, ಹೆಸರು ‘ಎ ಜರ್ನಿ’. ಮೊದಲು ‘ದ ಜರ್ನಿ’ ಎಂದು ಘೋಷಿಸಿ, ಅಚ್ಚಾಗುವ ಮುನ್ನವೇ ಒಂದು ಪುಟ್ಟ ಅಕ್ಷರಕ್ಕೆ ಇಳಿಸಿಕೊಂಡರು. ಮೊದಲಿನ ಹೆಸರಿನಲ್ಲಿ ಪ್ರವಾದಿಯ ಗತ್ತಿದೆ ಎಂದು ಜನ ಆಡಿಕೊಂಡಿದ್ದರು. ಕನ್ನಡದಲ್ಲಾಗಿದ್ದರೆ ‘ಪಯಣ’ ಎಂದು ಹೇಳಿ ಮುಗಿಸಬಹುದಿತ್ತು. ನಮ್ಮ ವ್ಯಾಕರಣ ಇಂಥ ಗತ್ತಿಗೆ ಎಡೆ ಕೊಡುವುದಿಲ್ಲ.

ಬ್ಲೇರ್ 1997ರ ಮೇ 2ರಂದು ಬ್ರಿಟನ್ನಿನ ಪ್ರಧಾನಿಯಾದಾಗ ಅವರಿಗೆ 43 ವರ್ಷ. 18 ವರ್ಷ ಅಧಿಕಾರದಿಂದ ದೂರವಿದ್ದ ಲೇಬರ್ ಪಕ್ಷವನ್ನು ಗೆಲ್ಲಿಸಿ, ಸತತವಾಗಿ ಮೂರು ಚುನಾವಣೆಗಳನ್ನು ಗೆದ್ದು, 2007ರ ಜೂನ್ 27ರಂದು ಹುದ್ದೆ ಬಿಟ್ಟರು. 2010ರ ಸೆಪ್ಟೆಂಬರ್ 1ರಂದು ಈ ಪುಸ್ತಕ ಹೊರಬರುವ ಹೊತ್ತಿಗೆ ಅವರ ಹೆಸರೆತ್ತಿದರೆ ಜನರಿಗೆ, 2003ರಲ್ಲಿ ಅಮೆರಿಕದ ಜೊತೆ ಸೇರಿ ಅವರು ಬ್ರಿಟನ್ನನ್ನು ಇಳಿಸಿದ ಇರಾಕ್ ಯುದ್ಧ ಒಂದೇ ನೆನಪಾಗುತ್ತಿತ್ತು. ಡಬ್ಲಿನ್ನಿನ ಪುಸ್ತಕದಂಗಡಿಯಲ್ಲಿ ಸಹಿ ಹಾಕಿಕೊಡಲು ಹೋದಾಗ ಪ್ರತಿಭಟನಕಾರರು ಅವರತ್ತ ಮೊಟ್ಟೆ ಮತ್ತು ಪಾದರಕ್ಷೆಗಳನ್ನು ತೂರಿದರು. ಲಂಡನ್ನಿನಲ್ಲಿ ನಡೆಯಬೇಕಿದ್ದ ಅಂಥದೇ ಕಾರ್ಯಕ್ರಮವನ್ನು ಅವರೇ ಕೈಬಿಟ್ಟರು. ಕೆಲವು ಓದುಗರು ಅಂಗಡಿಗಳಲ್ಲಿ ಈ ಪುಸ್ತಕವನ್ನು ಸದ್ದಿಲ್ಲದೆ ಎತ್ತಿ ಅಪರಾಧ ವಿಭಾಗದ ಕಪಾಟಿನಲ್ಲಿ ಇಟ್ಟುಬರುತ್ತಿದ್ದರು. ಬಂದ ಹಣವನ್ನೆಲ್ಲ ಗಾಯಗೊಂಡ ಸೈನಿಕರ ಆರೈಕೆಗಾಗಿ ರಾಯಲ್ ಬ್ರಿಟಿಷ್ ಲೀಜನ್ ಸಂಸ್ಥೆಗೆ ಕೊಡುವುದಾಗಿ ಅವರು ಘೋಷಿಸಿದರೂ ಸಿಟ್ಟು ಇಳಿಯಲಿಲ್ಲ. ಅದನ್ನೂ ಪಾಪದ ದುಡ್ಡೆಂದು ಕರೆದವರು ಇದ್ದರು.

ಮೇಷ್ಟ್ರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಧಿಕಾರದಲ್ಲಿದ್ದಾಗ ದೇಶದ ಎಲ್ಲ ಧ್ವನಿವರ್ಧಕಗಳೂ ಆ ಮನುಷ್ಯನ ಕೈಯಲ್ಲಿದ್ದವು, ಆಗ ಹೇಳಿದ್ದನ್ನೇ ಈಗ ಪುಸ್ತಕದಲ್ಲಿ ಮತ್ತೊಮ್ಮೆ ಹೇಳುತ್ತಾನೆ, ಸತ್ತವರ ಕಡೆಯ ಮಾತು ಬರೆಯುವವರು ಯಾರೂ ಇಲ್ಲದಿರುವಾಗ ಉಳಿದಿರುವ ಕಣ್ಣಿನ ಶಕ್ತಿಯನ್ನು ಇವನಿಗೇಕೆ ಖರ್ಚು ಮಾಡಬೇಕು ಎಂಬುದು ಅವರ ಪ್ರಶ್ನೆ. ಇದರಲ್ಲಿ ಕೊನೆಯ ಮಾತು ನನಗೆ ನಿಜವಾಗಿಯೂ ತಟ್ಟಿತು. ಅರವತ್ತು ದಾಟಿದವರಿಗೆ ಪುಸ್ತಕವನ್ನು ಆರಿಸುವುದೆಂದರೆ ಇನ್ನೊಂದು ಪುಸ್ತಕವನ್ನು ಬಿಡುವುದೂ ಹೌದು.

ಆದರೂ ನಾನು ಓದಿದೆ, ಓದಿದ್ದಕ್ಕೆ ವಿಷಾದವಿಲ್ಲ. ಕಾರಣ ಹೇಳಬೇಕಾದರೆ ನನ್ನ ವೃತ್ತಿಯ ವಿಷಯ ಬರುತ್ತದೆ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಸರ್ಕಾರಿ ಕಡತದಲ್ಲಿ ಬಂದ ಪತ್ರ, ಹೋದ ಪತ್ರಗಳದು ಒಂದು ಭಾಗ, ಟಿಪ್ಪಣಿಯದು ಇನ್ನೊಂದು ಭಾಗ. ವಿಷಯನಿರ್ವಾಹಕನಿಂದ ಹಿಡಿದು ಮೇಲಧಿಕಾರಿಯವರೆಗೆ ಒಬ್ಬೊಬ್ಬರೂ ಕಂಡಿಕೆ ಕಂಡಿಕೆಯಾಗಿ ತಮ್ಮ ಕಾರಣಗಳನ್ನು ಬರೆದು ಸಹಿ ಹಾಕುವ ಜಾಗ ಈ ಟಿಪ್ಪಣಿ. ಹತ್ತು ವರ್ಷ ಕಡತ ತಿರುವಿದವನಿಗೆ ಯಾವ ಕಂಡಿಕೆ ತೀರ್ಮಾನಕ್ಕೆ ಮೊದಲು ಬರೆದದ್ದು, ಯಾವುದು ತೀರ್ಮಾನವಾದ ಮೇಲೆ ಅದಕ್ಕೆ ಕಾರಣ ಒದಗಿಸಲು ಬರೆದದ್ದು ಎಂದು ಕಣ್ಣಿಗೆ ಹೊಡೆಯುವಂತೆ ತಿಳಿಯುತ್ತದೆ. ಮೊದಲಿನದರಲ್ಲಿ ತಡವರಿಕೆ ಇರುತ್ತದೆ, ‘ಆದಾಗ್ಯೂ’ಗಳು ಇರುತ್ತವೆ. ಎರಡನೆಯದು ನುಣುಪಾಗಿರುತ್ತದೆ, ಒಂದೂ ಅಡ್ಡ ಮಾತಿಲ್ಲದೆ ನೇರವಾಗಿ ಆದೇಶದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಜನ ದೂಷಿಸುವ ನಾಯಕನ ಆತ್ಮಕಥೆ ನನ್ನ ಮಟ್ಟಿಗೆ ಇಂಥ ಟಿಪ್ಪಣಿ ಹಾಳೆ. ಅದರಲ್ಲಿ ನಡೆದದ್ದೇನು ಎಂದು ತಿಳಿಯಲು ಹೊರಟರೆ ನಿರಾಶೆಯಾಗುತ್ತದೆ. ನಡೆದದ್ದಕ್ಕೆ ಕಾರಣಗಳನ್ನು ಹೇಗೆ ಜೋಡಿಸಿದ್ದಾರೆ, ಎಲ್ಲಿ ತಡವರಿಸಿದ್ದಾರೆ, ಎಲ್ಲಿ ಅನುಮಾನ ಬರುವಷ್ಟು ನುಣುಪಾಗಿದ್ದಾರೆ ಎಂದು ನೋಡುವವನಿಗೆ ಮಾತ್ರ ಅದು ತುಂಬಿದ ಕಣಜ.

ಪುಸ್ತಕದಲ್ಲಿ ನನ್ನನ್ನು ಅತ್ಯಂತ ಕಾಡಿದ ಭಾಗ ಇರಾಕಿಗೆ ನೇರವಾಗಿ ಸಂಬಂಧಿಸಿದ್ದಲ್ಲ. ಮಾಹಿತಿ ಸ್ವಾತಂತ್ರ್ಯದ ಕಾಯಿದೆಯನ್ನು ಬ್ರಿಟನ್ನಿನಲ್ಲಿ ತಂದದ್ದು ಬ್ಲೇರ್ ಸರ್ಕಾರ. 2000ದಲ್ಲಿ ಅಂಗೀಕಾರವಾಗಿ, 2005ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಆ ಕಾಯಿದೆಯ ಬಗ್ಗೆ ಬರೆಯುವಾಗ ಅವರು ತಮ್ಮನ್ನು ತಾವೇ ಮೂರ್ಖ, ಹೊಣೆಗೇಡಿ, ತಿಳಿಗೇಡಿ ಎಂದು ಮನಸಾರೆ ಬೈದುಕೊಳ್ಳುತ್ತಾರೆ. ಅವರ ವಾದದ ಸಾರ ಇದು: ಈ ಕಾಯಿದೆಯನ್ನು ಬಳಸುವವರು ಸಾಮಾನ್ಯ ಜನರಿಗಿಂತ ಹೆಚ್ಚಾಗಿ ಪತ್ರಕರ್ತರು, ದೊಣ್ಣೆಯಿಂದ ತಲೆಗೆ ಹೊಡೆಯುತ್ತಿರುವವನ ಕೈಗೆ ಕೊಡತಿಯನ್ನೂ ಕೊಟ್ಟಂತಾಯಿತು, ಎಲ್ಲವೂ ಹೊರಬೀಳುತ್ತದೆ ಎಂದಾದರೆ ಸರ್ಕಾರದೊಳಗೆ ಯಾರೂ ಮುಚ್ಚುಮರೆಯಿಲ್ಲದೆ ಸಲಹೆ ಬರೆಯುವುದಿಲ್ಲ.

ಇಷ್ಟು ದೊಡ್ಡ ತಪ್ಪುಗಳ ಆರೋಪ ಹೊತ್ತ ಮನುಷ್ಯ ಇಷ್ಟು ಕಟುವಾಗಿ ಪಶ್ಚಾತ್ತಾಪ ಪಡುವುದು ತಾನು ಮಾಡಿದ ಒಂದು ಒಳ್ಳೆಯ ಕೆಲಸಕ್ಕಾಗಿ ಎಂದು ಮೊದಲ ಓದಿಗೆ ನನಗೆ ನಗು ಬಂತು. ಆ ಕಾಯಿದೆಯಿಂದಲೇ ಅಲ್ಲಿನ ಸಂಸದರ ಖರ್ಚುವೆಚ್ಚಗಳನ್ನು ಬಹಿರಂಗಪಡಿಸಬೇಕೆಂಬ ಹೋರಾಟ ಹೈಕೋರ್ಟಿನವರೆಗೆ ಹೋಗಿ, 2009ರಲ್ಲಿ ಇಡೀ ದೇಶ ನಾಚುವಂಥ ವಿವರಗಳು ಪತ್ರಿಕೆಯಲ್ಲಿ ಬಂದವು. ಕೊಳದ ನಡುವೆ ಬಾತುಕೋಳಿಗಳಿಗೆಂದು ತರಿಸಿದ ಪುಟ್ಟ ಮನೆಯನ್ನೂ ಒಬ್ಬ ಸಂಸದರು ಖರ್ಚಿನ ಲೆಕ್ಕದಲ್ಲಿ ಸೇರಿಸಿದ್ದರು. ಇರಾಕ್ ಯುದ್ಧಕ್ಕೆ ಮುನ್ನ, 2003ರ ಮಾರ್ಚಿನಲ್ಲಿ ನಡೆದ ಸಂಪುಟ ಸಭೆಗಳ ನಡಾವಳಿಯನ್ನು ಕೊಡಿ ಎಂದು ಅಲ್ಲಿನ ಮಾಹಿತಿ ಆಯುಕ್ತರೂ ನ್ಯಾಯಮಂಡಳಿಯೂ ಹೇಳಿದ ಮೇಲೆ, 2009ರ ಫೆಬ್ರವರಿಯಲ್ಲಿ ಸಚಿವ ಜ್ಯಾಕ್ ಸ್ಟ್ರಾ ಕಾಯಿದೆಯಲ್ಲೇ ಇದ್ದ ತಡೆಯಧಿಕಾರವನ್ನು ಮೊದಲ ಬಾರಿಗೆ ಬಳಸಿ ಅದನ್ನು ನಿಲ್ಲಿಸಿದರು. ಹೀಗಿರುವಾಗ ಕೊಡತಿಯ ಏಟು ಯಾರಿಗೆ ನೋವಾಯಿತು ಎಂಬುದು ಯಾರಿಗಾದರೂ ಅರ್ಥವಾಗುವಂಥದ್ದು.

ಎರಡನೆಯ ಓದಿಗೆ ನಗು ಬರಲಿಲ್ಲ. ನಮ್ಮ ಮಾಹಿತಿ ಹಕ್ಕು ಅಧಿನಿಯಮ ಜಾರಿಗೆ ಬಂದದ್ದೂ ಅದೇ 2005ರಲ್ಲಿ, ಅಕ್ಟೋಬರ್ 12ರಂದು. ನಾನು ಆಗ ಕೆಲಸದಲ್ಲಿದ್ದ ತಾಲ್ಲೂಕು ಕಚೇರಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೊಣೆ ಸ್ವಲ್ಪ ಕಾಲದಲ್ಲೇ ನನ್ನ ತಲೆಗೆ ಬಂತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ ಅರ್ಜಿ ಟಪ್ಪಾಲಿನಲ್ಲಿ ಬಂದರೆ 30 ದಿನಗಳಲ್ಲಿ ಮಾಹಿತಿ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಸ್ವಂತ ಜೇಬಿನಿಂದ. ಹೊಟ್ಟೆಪಾಡಿಗೆ ಅರ್ಜಿ ಹಾಕುವವರು, ಪಕ್ಕದ ಮನೆಯವನ ಮೇಲಿನ ಹಗೆಗೆ ಅರ್ಜಿ ಹಾಕುವವರು ಎಲ್ಲರನ್ನೂ ಕಂಡಿದ್ದೇನೆ. ಬ್ಲೇರ್ ಅವರ ಸಂಕಟದಲ್ಲಿ ಒಂದು ಪಾಲು ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಒಮ್ಮೆ ಹಳ್ಳಿಯೊಂದರಿಂದ ವಯಸ್ಸಾದ ರೈತರೊಬ್ಬರು ತಮ್ಮೂರಿನ ಕೆರೆ ಅಂಗಳದ ಒತ್ತುವರಿಯ ಸರ್ವೆ ನಕ್ಷೆಯನ್ನೂ ಅದರ ಟಿಪ್ಪಣಿ ಹಾಳೆಗಳ ನಕಲನ್ನೂ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಕೆರೆ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹರಿಯುವ ಹೊಳೆಯಿಲ್ಲದ ನಾಡಿಗೆ ಅದೇ ಹೊಳೆ. ಎರಡನೆಯ ದಿನವೇ ಕಡತ ಬೀರುವಿನಲ್ಲಿ ಸಿಕ್ಕಿತು. ಒತ್ತುವರಿ ತೆರವುಗೊಳಿಸಬಹುದು ಎಂದು ಕೆಳಗಿನವರು ಬರೆದ ಕಂಡಿಕೆಯ ಪಕ್ಕದಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದದ ಷರಾ ಇತ್ತು, ಅದರ ಮುಂದೆ ಖಾಲಿ ಹಾಳೆ. ಕಚೇರಿಯ ಬದುಕು ಬಲ್ಲವರಿಗೆ ಆ ಪದದ ಅರ್ಥ ಗೊತ್ತು: ಚರ್ಚೆ ನಡೆಯುವುದಿಲ್ಲ, ಕಡತವೂ ನಡೆಯುವುದಿಲ್ಲ. ನಾನು ಕಡತವನ್ನು ಮತ್ತೆ ಬೀರುವಿನಲ್ಲಿಟ್ಟು, ‘ಸದರಿ ಕಡತವು ಕಚೇರಿಯಲ್ಲಿ ಸದ್ಯಕ್ಕೆ ಲಭ್ಯವಿರುವುದಿಲ್ಲ, ಹುಡುಕಿಸಲಾಗುತ್ತಿದೆ’ ಎಂದು ಹಿಂಬರಹ ಕಳುಹಿಸಿದೆ. ಅವರು ಮೇಲ್ಮನವಿ ಹಾಕಿದರು, ಕಡತ ‘ಸಿಕ್ಕಿತು’, ನಕಲನ್ನೂ ಕೊಟ್ಟೆವು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು, ಕೆರೆ ಅಂಗಳದಲ್ಲಿ ಇನ್ನೊಂದು ಬೆಳೆ ಕೊಯ್ಲಾಗಿತ್ತು.

ಈ ಪ್ರಸಂಗವನ್ನು ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ‘ಮೇಲಿನಿಂದ ಹೇಳಿದ್ದರು’ ಎಂದೇ ಹೇಳುತ್ತಿದ್ದೆ. ಬ್ಲೇರ್ ಪುಸ್ತಕದ ಆ ಪುಟಗಳನ್ನು ಮತ್ತೆ ಓದುತ್ತಾ ಕುಳಿತ ಸಂಜೆ, ಆ ದಿನ ನನಗೆ ಯಾರು ಬಂದು ಹೇಳಿದರು ಎಂದು ನೆನಪಿಸಿಕೊಳ್ಳಲು ಹೊರಟೆ. ಹೆಸರಾಗಲಿ ಮುಖವಾಗಲಿ ನೆನಪಿಗೆ ಬರಲಿಲ್ಲ. ಯಾರೂ ಹೇಳಿರಲಿಲ್ಲ. ಹೇಳಿಯಾರು ಎಂಬ ಅಂದಾಜಿನ ಮೇಲೆ ನಾನೇ ಬರೆದಿದ್ದೆ. ವರ್ಷಗಳು ಕಳೆದಂತೆ ಆ ಅಂದಾಜಿಗೆ ಒಬ್ಬ ಮೇಲಧಿಕಾರಿಯ ಆಕಾರ ಬಂದಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಸಲವೂ ಅನ್ನಿಸಿರಲಿಲ್ಲ. ಆತ್ಮಕಥೆ ಬರೆದವರನ್ನು ‘ಸುಳ್ಳುಗಾರ’ ಎಂಬ ಒಂದು ಪದದಲ್ಲಿ ಮುಗಿಸಲು ನನಗೆ ಈಗ ಹಿಂಜರಿಕೆಯಾಗುವುದು ಇದೇ ಕಾರಣಕ್ಕೆ.

ನೆನಪು ಹೀಗೆ ಬೆಳೆಯುವುದಕ್ಕೆ ಬ್ಲೇರ್ ಪುಸ್ತಕದಲ್ಲೇ ಒಂದು ಮೋಜಿನ ಉದಾಹರಣೆ ಇದೆ. ಪ್ರಧಾನಿಯಾದ ದಿನ ತಾವು ರಾಣಿಯನ್ನು ಕಂಡಾಗ, ‘ನೀವು ನನ್ನ ಹತ್ತನೆಯ ಪ್ರಧಾನಿ, ಮೊದಲನೆಯವರು ವಿನ್‌ಸ್ಟನ್ (ಚರ್ಚಿಲ್)’ ಎಂಬರ್ಥದ ಮಾತನ್ನು ರಾಣಿ ಆಡಿದರೆಂದು ಅವರು ಬರೆಯುತ್ತಾರೆ. 2006ರಲ್ಲಿ ಬಂದ ‘ದ ಕ್ವೀನ್’ ಎಂಬ ಚಲನಚಿತ್ರದಲ್ಲಿ ಹೆಚ್ಚುಕಡಿಮೆ ಇದೇ ಸಂಭಾಷಣೆ ಇದೆ, ಮತ್ತು ಅದನ್ನು ಬರೆದ ಪೀಟರ್ ಮಾರ್ಗನ್ ಆ ಮಾತು ತಾವು ಕಲ್ಪಿಸಿಕೊಂಡದ್ದು ಎಂದು ಆಗ ಹೇಳಿದರು. ಕಲ್ಪನೆ ನಿಜಕ್ಕೆ ಅಷ್ಟು ನಿಖರವಾಗಿ ತಾಗಿತೋ, ಸಿನಿಮಾದ ಮಾತು ಬಂದು ನೆನಪಿನಲ್ಲಿ ಕುಳಿತುಬಿಟ್ಟಿತೋ, ಓದುಗನಿಗೆ ಬಿಟ್ಟದ್ದು. ಅಲ್ಲಿಂದ ಮುಂದೆ ಉದ್ಧರಣ ಚಿಹ್ನೆಯೊಳಗಿನ ಪ್ರತಿಯೊಂದು ಮಾತನ್ನೂ ನಾನು ಪೆನ್ಸಿಲ್ ಹಿಡಿದೇ ಓದಿದೆ.

ಪುಸ್ತಕದ ಅತ್ಯುತ್ತಮ ಭಾಗ ಉತ್ತರ ಐರ್ಲೆಂಡಿನದು. 1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದಕ್ಕೆ ಮೊದಲಿನ ದಿನಗಳನ್ನು, ಒಂದೇ ಕಟ್ಟಡದೊಳಗೆ ಒಬ್ಬರ ಮುಖ ಒಬ್ಬರು ನೋಡಲು ಒಲ್ಲದ ಪಕ್ಷಗಳ ನಡುವೆ ನಿದ್ದೆಗೆಟ್ಟು ಓಡಾಡಿದ್ದನ್ನು ಅವರು ಬರೆದಿರುವ ರೀತಿಯಲ್ಲಿ ದಣಿವೂ ಇದೆ, ಹಾಸ್ಯವೂ ಇದೆ. ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವವರಿಗೂ ಐರ್ಲೆಂಡಿಗೆ ಸೇರಬೇಕೆನ್ನುವವರಿಗೂ ನಡುವೆ ಸುಮಾರು ಮೂರು ದಶಕ ಮೂರೂವರೆ ಸಾವಿರದಷ್ಟು ಜೀವಗಳನ್ನು ತಿಂದ ಹಗೆಯನ್ನು ಒಂದು ಕಾಗದದ ಮೇಲೆ ನಿಲ್ಲಿಸಿದ್ದು ಸಣ್ಣ ಸಾಧನೆಯಲ್ಲ, ಮೇಷ್ಟ್ರೂ ಇದನ್ನು ಒಪ್ಪುತ್ತಾರೆ. ಆದರೆ ಆ ಸಂಧಾನವನ್ನು ಜೀವಂತವಾಗಿ ಇಡಲು ತಾವು ಕೆಲವು ಸಲ ಸತ್ಯವನ್ನು ಹರಿಯುವಷ್ಟು ಎಳೆದದ್ದುಂಟು ಎಂದು ಅವರು ಅಲ್ಲಿಯೇ ಒಪ್ಪಿಕೊಳ್ಳುತ್ತಾರೆ. ಒಳ್ಳೆಯ ಗುರಿಗಾಗಿ ಮಾಡಿದ್ದು ಎಂಬ ನೆಮ್ಮದಿಯಲ್ಲಿ ಬಂದ ತಪ್ಪೊಪ್ಪಿಗೆ ಅದು, ಗೆದ್ದವನ ತಪ್ಪೊಪ್ಪಿಗೆ.

ಅದನ್ನು ಓದಿ ಇರಾಕಿನ ಅಧ್ಯಾಯಗಳಿಗೆ ಬಂದರೆ ದನಿ ಬೇರೆಯಾಗುತ್ತದೆ. ಟಿಪ್ಪಣಿ ನುಣುಪಾಗುತ್ತದೆ. ಒಂದಾದ ಮೇಲೊಂದು ಗುಪ್ತಚರ ವರದಿ, ವಿಶ್ವಸಂಸ್ಥೆಯ ನಿರ್ಣಯ, ಸದ್ದಾಂ ಹಿಂದೆ ಮಾಡಿದ ಘೋರಗಳು. ಎಲ್ಲವೂ ಒಂದೇ ದಿಕ್ಕಿಗೆ ನಡೆಯುತ್ತವೆ. ಸತ್ತವರಿಗಾಗಿ ತಮಗಿರುವ ಸಂಕಟವನ್ನು ಅವರು ಬರೆಯುತ್ತಾರೆ, ಮುಂದೆ ಬಂದ ದುಃಸ್ವಪ್ನವನ್ನು ತಾವು ಊಹಿಸಿರಲಿಲ್ಲ ಎನ್ನುತ್ತಾರೆ, ಆದರೆ ಯುದ್ಧದ ತೀರ್ಮಾನಕ್ಕೆ ಮಾತ್ರ ವಿಷಾದಿಸಲಾರೆ ಎನ್ನುತ್ತಾರೆ. ಯುದ್ಧ ಬೇಡವೆಂದು 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಾಂತರ ಜನ ನಡೆದದ್ದು, ಮಾರ್ಚ್ 17ರಂದು ರಾಬಿನ್ ಕುಕ್ ಸಂಪುಟಕ್ಕೆ ರಾಜೀನಾಮೆ ಕೊಟ್ಟದ್ದು, ಮರುದಿನ ಸ್ವಂತ ಪಕ್ಷದ 139 ಸಂಸದರು ಎದುರು ಮತ ಹಾಕಿದ್ದು, ಇವೆಲ್ಲ ಕಡತದ ‘ಆದಾಗ್ಯೂ’ಗಳು, ಅವುಗಳಿಗೆ ಸಲ್ಲಬೇಕಾದ ತೂಕ ಆ ಪುಟಗಳಲ್ಲಿ ಸಂದಿದೆ ಎಂದು ನನಗೆ ಅನ್ನಿಸಲಿಲ್ಲ. ಶಾಂತಿಗಾಗಿ ಸತ್ಯವನ್ನು ಎಳೆದೆ ಎಂದು ಒಪ್ಪಿಕೊಂಡ ಅದೇ ಕೈ, ಯುದ್ಧದ ಹೊತ್ತಿನಲ್ಲಿ ಸತ್ಯ ಎಳ್ಳಷ್ಟೂ ಅಲುಗಲಿಲ್ಲ ಎಂದು ಬರೆಯುವುದನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅವಕಾಶ ಯಾವ ವಿರೋಧಿಯ ಲೇಖನದಲ್ಲೂ ನನಗೆ ಸಿಕ್ಕಿರಲಿಲ್ಲ. ಮೇಷ್ಟ್ರಿಗೆ ಅಂದು ಹೇಳಲು ತೋಚದೆ ಹೋದದ್ದು ಇದು.

ಹಾಗೆಂದು ಈ ಪುಸ್ತಕವೊಂದನ್ನೇ ಓದುವುದಾದರೆ ಓದದಿರುವುದೇ ಮೇಲು. ಟಿಪ್ಪಣಿಯ ಜೊತೆಗೆ ಪತ್ರಗಳ ಭಾಗವೂ ಬೇಕು, ಇಲ್ಲಿ ಅದು ಇರಾಕ್ ಯುದ್ಧದ ಬಗ್ಗೆ ಸರ್ ಜಾನ್ ಚಿಲ್ಕಾಟ್ ಅವರ ವಿಚಾರಣಾ ವರದಿ. 2009ರಲ್ಲಿ ನೇಮಕವಾದ ಆ ಸಮಿತಿ 2016ರ ಜುಲೈ 6ರಂದು 12 ಸಂಪುಟಗಳಲ್ಲಿ, ಸುಮಾರು 26 ಲಕ್ಷ ಪದಗಳಲ್ಲಿ ವರದಿ ಕೊಟ್ಟಿತು. ಶಾಂತಿಯುತ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಹೋದರು, ಮಾರಕಾಸ್ತ್ರಗಳ ಅಪಾಯವನ್ನು ಆಧಾರಕ್ಕೆ ಮೀರಿದ ಖಚಿತತೆಯಿಂದ ಜನರ ಮುಂದಿಟ್ಟರು, ಸದ್ದಾಂ ನಂತರದ ಇರಾಕಿಗೆ ಮಾಡಿದ ಸಿದ್ಧತೆ ಏನೇನೂ ಸಾಲದು ಎಂದು ಅದು ಹೇಳಿತು. ಬ್ರಿಟಿಷ್ ಸೈನಿಕರೇ 179 ಮಂದಿ ಸತ್ತ ಯುದ್ಧ ಅದು. ಸತ್ತ ಇರಾಕಿಗಳ ಸಂಖ್ಯೆ ಅದರ ನೂರಾರು ಪಟ್ಟು. 2002ರ ಜುಲೈ 28ರಂದು ಬ್ಲೇರ್ ಅಧ್ಯಕ್ಷ ಬುಷ್‌ಗೆ ಬರೆದ ಟಿಪ್ಪಣಿಯ ಮೊದಲ ಮಾತು, ‘ಏನೇ ಆಗಲಿ ನಾನು ನಿಮ್ಮ ಜೊತೆ ಇರುತ್ತೇನೆ’ ಎಂಬುದು, ವರದಿ ಬಂದ ದಿನ ಎಲ್ಲರ ಬಾಯಲ್ಲಿತ್ತು. ಅದರ ಮುಂದಿನ ವಾಕ್ಯದಲ್ಲೇ ಕಷ್ಟಗಳನ್ನು ನೇರವಾಗಿ ಅಳೆಯಬೇಕಾದ ಹೊತ್ತು ಇದು ಎಂದೂ ಬರೆದಿದ್ದಾರೆ. ಅದನ್ನು ಉದ್ಧರಿಸಿದವರು ಕಡಿಮೆ. ಆದರೂ ಶಿರಸ್ತೇದಾರನ ಕಣ್ಣಿಗೆ ಮೊದಲ ವಾಕ್ಯವೇ ಆದೇಶ, ಉಳಿದದ್ದು ಟಿಪ್ಪಣಿ. ಯುದ್ಧಕ್ಕೆ ಎಂಟು ತಿಂಗಳ ಮುಂಚಿನ ದಿನಾಂಕ ಅದು.

ಮೆಚ್ಚುಗೆ ಗಳಿಸಿದವರ ನೆನಪುಗಳನ್ನು ನಾವು ಇಷ್ಟು ಕಷ್ಟಪಟ್ಟು ಓದುತ್ತೇವೆಯೇ ಎಂದು ಈಚೆಗೆ ಯೋಚಿಸುತ್ತಿದ್ದೇನೆ. 2007ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ, ಈಗ ಚಿಕ್ಕಬಳ್ಳಾಪುರದ್ದಾಗಿರುವ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1951ರಲ್ಲಿ ಬಂದ ಅವರ ನೆನಪುಗಳ ಪುಸ್ತಕದ ಹೆಸರಿನಲ್ಲೇ ‘ಕೆಲಸದ ಬದುಕು’ ಎಂಬರ್ಥದ ಮಾತಿದೆ. ಅಣೆಕಟ್ಟು, ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾಲಯ ಎಂದು ಅವರ ಕೆಲಸವನ್ನು ಮಗ್ಗಿಯಂತೆ ಒಪ್ಪಿಸುವ ನಾವು, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆ 1918ರಲ್ಲಿ ಎದ್ದು ಮಿಲ್ಲರ್ ಸಮಿತಿ ನೇಮಕವಾದ ಹೊತ್ತಿನಲ್ಲಿ ಅವರ ಭಿನ್ನಾಭಿಪ್ರಾಯ ಏನಿತ್ತು, ಎದುರು ಪಕ್ಷದವರ ವಾದ ಏನಿತ್ತು ಎಂದು ಎಷ್ಟು ಸಲ ಕೇಳಿಕೊಂಡಿದ್ದೇವೆ? ಮೆಚ್ಚಿನವರ ಪುಸ್ತಕವನ್ನು ಕೈಮುಗಿದು ಓದುತ್ತೇವೆ, ಎಷ್ಟೋ ಸಲ ಓದದೆಯೇ ಕೈಮುಗಿಯುತ್ತೇವೆ. ಅವರ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿ ಈ ಮಾತು ಬರೆಯುತ್ತಿಲ್ಲ. ಬ್ಲೇರ್‌ಗೆ ಹಿಡಿದ ಪೆನ್ಸಿಲನ್ನು ಅಲ್ಲಿಯೂ ಹಿಡಿಯಬೇಕಿತ್ತು ಎಂಬುದಷ್ಟೇ ನನ್ನ ಮಾತು. ಈ ವಿಷಯದಲ್ಲಿ ನಮ್ಮ ಮುಳಬಾಗಿಲಿನ ಡಿವಿಜಿಯವರು ಜಾಣರು. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ತಮ್ಮನ್ನು ಹಿಂದಿಟ್ಟು ತಾವು ಕಂಡವರನ್ನು ಬರೆದರು, ಮೈಸೂರಿನ ದಿವಾನರಿಗಾಗಿ ಒಂದು ಸಂಪುಟವನ್ನೇ ಮೀಸಲಿಟ್ಟರು. ಆಳಿದವರು ಪಕ್ಕದಲ್ಲಿ ನಿಂತವನ ಕಣ್ಣಿಗೆ ಹೇಗೆ ಕಂಡರು ಎಂಬುದು ಅಲ್ಲಿದೆ.

ಬ್ಲೇರ್ ಪುಸ್ತಕದ ದೋಷಗಳ ಪಟ್ಟಿ ಬೇಕಾದವರಿಗೆ ಹೇರಳವಾಗಿ ಸಿಗುತ್ತದೆ. ಹರಟೆ ಹೆಚ್ಚು, ತಮ್ಮ ಬಗ್ಗೆ ತಾವೇ ಬೆರಗಾಗುವುದು ಹೆಚ್ಚು, ಉತ್ತರಾಧಿಕಾರಿ ಗಾರ್ಡನ್ ಬ್ರೌನ್ ಅವರೊಂದಿಗಿನ ಮುನಿಸು ವಾರಗಿತ್ತಿಯರ ಜಗಳದಂತೆ ಮುಗಿಯುವುದೇ ಇಲ್ಲ. ಇನ್ನೂರು ಪುಟ ಕತ್ತರಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಇಡೀ ಓದಲು ಪುರಸೊತ್ತಿಲ್ಲದವರು ಐರ್ಲೆಂಡಿನ ಅಧ್ಯಾಯವನ್ನು ಮೊದಲು, ಇರಾಕಿನ ಅಧ್ಯಾಯಗಳನ್ನು ಅದರ ಬೆನ್ನಿಗೇ ಓದಬಹುದು. ಚಿಲ್ಕಾಟ್ ವರದಿಯ ಸಾರಾಂಶ ಅಂತರ್ಜಾಲದಲ್ಲಿ ಉಚಿತವಾಗಿದೆ, ಕಾಸು ಕೊಡಬೇಕಾಗಿಲ್ಲ.

ಇದನ್ನೆಲ್ಲ ಕೇಳಿದ ಮೇಲೂ ಮೇಷ್ಟ್ರು ತಮ್ಮ ಅಭಿಪ್ರಾಯ ಬದಲಾಯಿಸಲಿಲ್ಲ. ಕೆರೆ ಅಂಗಳದ ಕಥೆಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಯಜಮಾನರು ಇದ್ದಾರಾ ಈಗ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕಳೆದ ವಾರ ಮನೆಗೆ ಬಂದವರು ಐರ್ಲೆಂಡಿನ ಅಧ್ಯಾಯವೊಂದನ್ನು ನೋಡಿ ಕೊಡುತ್ತೇನೆ ಎಂದು ಪುಸ್ತಕ ಎತ್ತಿಕೊಂಡರು. ಬಾಗಿಲವರೆಗೆ ಹೋಗಿ ವಾಪಸು ಬಂದು, ಹಳೆಯ ಪೇಪರ್ ಇದ್ದರೆ ಒಂದು ಬೈಂಡ್ ಹಾಕಿಕೊಡಿ, ಬೆಳಗ್ಗೆ ಹೋಟೆಲಿನಲ್ಲಿ ಇವನ ಮುಖ ಇಟ್ಟುಕೊಂಡು ಕೂರೋಕೆ ನನ್ನ ಕೈಲಾಗಲ್ಲ ಎಂದರು.